ಬೀಜವೋ ಕ್ಷೇತ್ರವೋ?

ಕಳೆದ ದೀಪಾವಳಿಯ ಮರುದಿನ ಸಾಯಂಕಾಲ ನಮ್ಮ ನೆರೆಮನೆಯ ವೃದ್ಧ ಮಾತೆಯೊಬ್ಬರು ತಮ್ಮ ಇಬ್ಬರು ಮೊಮ್ಮಕ್ಕಳ ಕೈಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಒಬ್ಬಳು ಹಿರಿಯ ಮಗನ ಮಗಳು, ಹಬ್ಬಕ್ಕೆಂದು ಉಪ್ಪುಂದದಿಂದ ಬಂದವಳು. ಮತ್ತೊಬ್ಬಳು ಮನೆಯಲ್ಲಿಯೇ ಇರುವ ಕಿರಿಯ ಮಗನ ಮಗಳು. ಇಬ್ಬರಿಗೂ ಆಗತಾನೆ ಮೂರು ವರ್ಷ ತುಂಬಿದೆ. ಹುಟ್ಟಿದ ದಿನಗಳಲ್ಲಿ ಒಂದು ವಾರದ ಅಂತರ ಮಾತ್ರ. ಆ ತಾಯಿ ಇಬ್ಬರನ್ನೂ ಜಗಲಿಯ ಕಂಬಕ್ಕೆ ಒರಗಿಸಿ ನಿಲ್ಲಿಸಿದರು. ಕಿರಿಯವನ ಮಗಳು ನಾಲ್ಕು ಬೆರಳಿನಷ್ಟು ಕುಳ್ಳಾಗಿರುವುದು ಕನ್ನಡಕವಿಲ್ಲದ ನನ್ನ ಕಣ್ಣಿಗೂ ಕಂಡಿತು.

“ಕಾಣಿ ಮಾಷ್ಟ್ರೇ, ನಮ್ಮನಿಯಂಗೆ ಗಿಡ್ಡ ಯಾರೂ ಇಲ್ಲ. ಇದೆಲ್ಲ ತಾಯಿ ಬದಿದ್” ಎಂದರು.

ಆ ಮಾತು ಆಡಿದಾಗ ಮಗುವಿನ ತಾಯಿ ಅಂಗಳದಲ್ಲಿಯೇ ನಿಂತಿದ್ದಳು. ಈ ಮಾತನ್ನು ಅವಳು ಕೇಳಿದ್ದು ಅದೇ ಮೊದಲಲ್ಲವೆಂಬುದು ಅವಳು ತಲೆ ತಗ್ಗಿಸಿದ ರೀತಿಯಿಂದಲೇ ತಿಳಿಯಿತು. ನಾನು ಏನನ್ನಾದರೂ ಹೇಳಬೇಕಾಗಿತ್ತು. ಆದರೆ ಒಂದು ಜಗಲಿಯಲ್ಲಿ ಕುಳಿತು ಒಂದು ಮಗುವನ್ನು ನೋಡಿ, ಇದರ ಕುಳ್ಳುತನಕ್ಕೆ ಕಾರಣ ಇಂಥದೇ ಎಂದು ಹೇಳುವುದು ಅಜ್ಜಿಯವರಿಗೆ ಎಷ್ಟು ಸುಲಭವೋ ನನಗೆ ಅಷ್ಟು ಸುಲಭವಾಗಿ ತೋರಲಿಲ್ಲ. “ಅಮ್ಮಾ, ಎಂಟು ದಿನ ಅವಕಾಶ ಕೊಡಿ” ಎಂದೆನು. ಆ ಎಂಟು ದಿನಗಳಲ್ಲಿ ಓದಿದ್ದನ್ನೂ ಯೋಚಿಸಿದ್ದನ್ನೂ ಈ ತಿಂಗಳು ವಾಚಕರ ಮುಂದೆ ಇಡುತ್ತೇನೆ.

ಈ ಪ್ರಶ್ನೆ ಹೊಸದಲ್ಲ. ಸಂತಾನದಲ್ಲಿ ಬೀಜ ಪ್ರಧಾನವೋ ಕ್ಷೇತ್ರ ಪ್ರಧಾನವೋ ಎಂಬ ವಾದ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿಯೇ ಇದೆ. ಅಲ್ಲಿ ಪುರುಷನನ್ನು ಬೀಜಕ್ಕೂ ಸ್ತ್ರೀಯನ್ನು ಕ್ಷೇತ್ರಕ್ಕೂ ಹೋಲಿಸಿ, ಬೀಜಕ್ಕೇ ಹಿರಿತನವನ್ನು ಕೊಟ್ಟಿದೆ. ಇದನ್ನು ಓದಿದಾಗಲೆಲ್ಲ ನನಗೆ ಒಂದು ವಿನೋದ ತೋರುವುದುಂಟು. ಬೀಜವೆಲ್ಲ ಗಂಡಸಿನದೇ ಎಂದು ಒಪ್ಪುವ ಮನೆಯಲ್ಲಿಯೂ, ಮಗು ಕಪ್ಪಾದರೆ, ಕುಳ್ಳಾದರೆ, ಹೆಣ್ಣಾದರೆ ಅಪರಾಧ ಮಾತ್ರ ಸೊಸೆಯದು! ಸುಶ್ರುತನು ಇದಕ್ಕಿಂತ ಹೆಚ್ಚು ವಿವೇಕದಿಂದ ಮಾತನಾಡಿದ್ದಾನೆ. ಶಾರೀರಸ್ಥಾನದಲ್ಲಿ ಅವನು ಗರ್ಭೋತ್ಪತ್ತಿಯನ್ನು ಮೊಳಕೆಗೆ ಹೋಲಿಸಿ, ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಕೂಡಿದರೆ ಮಾತ್ರ ಅಂಕುರವಾಗುತ್ತದೆ ಎಂದಿದ್ದಾನೆ. ಅಂಬು ಎಂದರೆ ನೀರು. ಈ ನಾಲ್ಕರ ಲೆಕ್ಕವನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಂಡಿರಬೇಕು.

ಬೀಜದ ವಿಚಾರವನ್ನು ತಿಳಿಯಲು ನಮ್ಮ ಹಿತ್ತಲಿಗಿಂತ ಒಳ್ಳೆಯ ಪಾಠಶಾಲೆ ಬೇರೆ ಬೇಕಿಲ್ಲ. ನಮ್ಮ ತಂದೆಯವರು ಒಂದು ಒಳ್ಳೆಯ ಬಕ್ಕೆ ಹಲಸಿನ ಹಣ್ಣಿನಿಂದ ಆರಿಸಿ ನಾಲ್ಕು ಬೀಜಗಳನ್ನು ನೆಟ್ಟರು. ಅವುಗಳಲ್ಲಿ ಎರಡು ಮರಗಳು ಬಕ್ಕೆಯಾದುವು. ಒಂದು, ಬೆರಳಿಟ್ಟರೆ ಜಾರುವಂಥ ತುಳುವ ಹಲಸಾಯಿತು. ನಾಲ್ಕನೆಯದು ಬಕ್ಕೆಯೇ ಆದರೂ ಸಪ್ಪೆ. ಅದನ್ನು ಹಪ್ಪಳಕ್ಕಲ್ಲದೆ ಬೇರಾವುದಕ್ಕೂ ಬಳಸಲಿಲ್ಲ. ಒಂದೇ ಹಣ್ಣಿನ ಬೀಜಗಳು, ಒಂದೇ ಮಣ್ಣು, ಒಂದೇ ಬಾವಿಯ ನೀರು, ಆದರೂ ಹೀಗೇಕೆ? ಹಲಸಿನ ಮರದಲ್ಲಿ ಗಂಡು ಹೂಗೊಂಚಲು ಬೇರೆ, ಹೆಣ್ಣು ಹೂಗೊಂಚಲು ಬೇರೆ. ಹೆಣ್ಣಿಗೆ ಬಂದು ತಾಗುವ ಪರಾಗ ಬಹುಮಟ್ಟಿಗೆ ಆಚೆಮನೆಯ ಮರದ್ದು. ತಾಯಿಮರವನ್ನು ನಾವು ಬಲ್ಲೆವು. ತಂದೆಮರ ಯಾವುದೆಂಬುದು ಗೊತ್ತಿಲ್ಲ. ಆದ್ದರಿಂದಲೇ ಬುದ್ಧಿವಂತರು ಒಳ್ಳೆಯ ಹಲಸಿಗೆ ಬೀಜವನ್ನು ನಂಬದೆ ಕಸಿಯನ್ನು ನಂಬುತ್ತಾರೆ.

ಪರಾಗ ಬೇರೆಯಾದದ್ದು ಒಂದು ಕಾರಣ ಮಾತ್ರ. ತಂದೆತಾಯಿಗಳು ಅವರೇ ಆದರೂ ಒಡಹುಟ್ಟಿದವರು ಒಬ್ಬರಂತೆ ಒಬ್ಬರು ಇರುವುದಿಲ್ಲವಷ್ಟೆ. ಮನುಷ್ಯನ ಜೀವಕಣದಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿಯೊಂದು ಜೊತೆಯಿಂದ ಒಂದೊಂದನ್ನು ಆರಿಸಿ ತಾಯಿ ಅರ್ಧವನ್ನೂ ತಂದೆ ಅರ್ಧವನ್ನೂ ಕೊಡುತ್ತಾರೆ. 23 ಸಲ ಎರಡರಲ್ಲೊಂದನ್ನು ಆರಿಸುವ ಬಗೆಗಳು 83,88,608. ಇಷ್ಟು ತಾಯಿಯ ಕಡೆಯಿಂದ. ಇಷ್ಟೇ ತಂದೆಯ ಕಡೆಯಿಂದ. ಎರಡನ್ನೂ ಗುಣಿಸಿದರೆ 70 ಲಕ್ಷ ಕೋಟಿಯನ್ನು ಮೀರುತ್ತದೆ. ಜೊತೆಯ ತಂತುಗಳು ತಮ್ಮೊಳಗೆ ತುಂಡುಗಳನ್ನು ಬದಲಾಯಿಸಿಕೊಳ್ಳುವುದನ್ನೂ, ಅಲ್ಲಲ್ಲಿ ಹೊಸದಾಗಿ ಉಂಟಾಗುವ ಮಾರ್ಪಾಟುಗಳನ್ನೂ ಈ ಲೆಕ್ಕಕ್ಕೆ ಸೇರಿಸಿಲ್ಲ. ತಾಯಿ ಬರಿಯ ಕ್ಷೇತ್ರವೆಂಬ ಮಾತು ಇಲ್ಲಿಗೆ ಮುಗಿಯಿತು: ಬೀಜದ ಅರ್ಧ ಅವಳದು. ವರ್ಣತಂತುಗಳ ಹೊರಗೆ ಜೀವಕಣದಲ್ಲಿರುವ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮಾಂಶವು ತಾಯಿಯಿಂದಲೇ ಬರುವುದರಿಂದ, ಅವಳ ಕೈ ಒಂದು ಗುಲಗಂಜಿಯಷ್ಟು ಮೇಲೆಂದೇ ಹೇಳಬೇಕು.

ಇನ್ನು ಗದ್ದೆಗೆ ಬರೋಣ. ಹಲಸಿಗೂ ಭತ್ತಕ್ಕೂ ಈ ವಿಷಯದಲ್ಲಿ ಬಹು ಭೇದವಿದೆ. ಭತ್ತದ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಆದ್ದರಿಂದ ಬಹುಕಾಲ ಬೇರ್ಪಡಿಸಿ ಬೆಳೆಸಿದ ತಳಿಯಲ್ಲಿ ಒಂದು ಗಿಡಕ್ಕೂ ಮತ್ತೊಂದು ಗಿಡಕ್ಕೂ ಬೀಜದಲ್ಲಿ ಭೇದವಿಲ್ಲವೆಂದೇ ಹೇಳಬಹುದು. ಆದರೂ ಒಂದೇ ಮುಡಿಯ ಬಿತ್ತವನ್ನು ಬೈಲಿನಲ್ಲಿಯೂ ಮಜಲಿನಲ್ಲಿಯೂ ಬೆಟ್ಟಿನಲ್ಲಿಯೂ ಬೆಳೆಸಿ ನೋಡಿ: ಬೈಲಿನ ಪೈರು ಸೊಂಟದವರೆಗೆ ಬಂದರೆ ಬೆಟ್ಟಿನದು ಮೊಣಕಾಲನ್ನು ದಾಟಲು ಹೆಣಗುತ್ತದೆ. ಒಂದೇ ಗದ್ದೆಯಲ್ಲಿಯೂ ಅಂಚಿನ ಗಿಡ ಬೇರೆ, ನಡುವಿನದು ಬೇರೆ. ಹಾಗಾದರೆ ಅತ್ಯಂತ ದಪ್ಪವಾದ ತೆನೆಗಳನ್ನು ಆರಿಸಿ ಬಿತ್ತಕ್ಕೆ ಇಡುವ ನಮ್ಮ ಹಿರಿಯರ ಪದ್ಧತಿಯಿಂದ ಪ್ರಯೋಜನವುಂಟೇ? ಡೆನ್ಮಾರ್ಕಿನ ಯೋಹಾನ್ಸೆನ್ ಎಂಬ ವಿದ್ವಾಂಸನು ಹುರುಳಿಕಾಯಿಯ ಬೀಜಗಳನ್ನು ತೂಗಿ ತೂಗಿ ಇದನ್ನು ಪರೀಕ್ಷಿಸಿ 1903ರಲ್ಲಿ ಪ್ರಕಟಿಸಿದನು. ಒಂದೇ ಗಿಡದಿಂದ ಇಳಿದ ಶುದ್ಧ ವಂಶದಲ್ಲಿ ದೊಡ್ಡ ಬೀಜವನ್ನು ಬಿತ್ತಿದರೂ ಸಣ್ಣ ಬೀಜವನ್ನು ಬಿತ್ತಿದರೂ ಮರುಬೆಳೆಯ ಸರಾಸರಿ ತೂಕ ಒಂದೇ ಆಗಿತ್ತು. ಹಲವು ವಂಶಗಳು ಬೆರೆತ ರಾಶಿಯಲ್ಲಾದರೋ ಆಯ್ಕೆಗೆ ಫಲ ದೊರೆಯಿತು. ಆದ್ದರಿಂದ ಕಲಬೆರಕೆಯಾದ ಹಳೆಯ ಬಿತ್ತದಲ್ಲಿ ತೆನೆ ಆರಿಸುವುದು ಜಾಣತನ. ಶುದ್ಧ ತಳಿಯಲ್ಲಿ ಅದು ಬಹುಮಟ್ಟಿಗೆ ಕೈಗೆ ಕೆಲಸ. ಬೀಜದೊಳಗಿನ ಗುಣ ಬೇರೆ, ಕಣ್ಣಿಗೆ ಕಾಣುವ ರೂಪ ಬೇರೆ ಎಂದು ಇವೆರಡಕ್ಕೂ 1909ರಲ್ಲಿ ಬೇರೆ ಬೇರೆ ಹೆಸರಿಟ್ಟವನೂ ಅವನೇ. ಜೀನ್ ಎಂಬ ಹೆಸರೂ ಅವನದೇ.

ಬೀಜದ ಗುಣವೂ ನೆಲದ ಗುಣವೂ ಹೆಣೆದುಕೊಂಡಾಗ ಬಿಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ನನ್ನದೇ ಒಂದು ಸೋಲನ್ನು ಹೇಳುತ್ತೇನೆ. ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳ ಬದನೆಯನ್ನು ಅರಿಯದವರು ಯಾರು? ವಾದಿರಾಜ ಸ್ವಾಮಿಗಳು ಅದರ ಬೀಜವನ್ನು ಅನುಗ್ರಹಿಸಿದರೆಂದು ಐತಿಹ್ಯ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಬಂಧುಗಳೊಬ್ಬರ ತೋಟದಿಂದ ಬೀಜ ತರಿಸಿ ಬೈಂದೂರಿನ ನಮ್ಮ ಹಿತ್ತಲಲ್ಲಿ ಹಾಕಿದೆ. ಕಾಯಿ ಗುಂಡಗೆ ಬಂತು. ಹಸುರಿನ ಮೇಲೆ ಬಿಳಿಗೆರೆಯೂ ಬಂತು. ಹುಳಿಯಲ್ಲಿ ಬೆಂದಾಗ ಆ ರುಚಿ ಮಾತ್ರ ಬರಲಿಲ್ಲ. “ಮಟ್ಟುವಿನ ಮಣ್ಣು ಇಲ್ಲಿಲ್ಲ” ಎಂದು ಮನೆಯವರು ತೀರ್ಪು ಕೊಟ್ಟರು. ಇರಬಹುದು. ಆದರೆ ಬಂಧುಗಳ ತೋಟದಲ್ಲಿ ಪಕ್ಕದಲ್ಲಿಯೇ ಬೇರೆ ಬದನೆಯೂ ಇತ್ತು, ದುಂಬಿಗಳೂ ಇದ್ದುವು, ಬೀಜವೇ ಬೆರಕೆಯಾಗಿದ್ದರೆ? ಇದನ್ನು ನಿರ್ಣಯಿಸಬೇಕಾದರೆ ಮಟ್ಟುವಿನ ಬೀಜ ಮತ್ತು ಇಲ್ಲಿಯ ಬೀಜ ಎರಡನ್ನೂ, ಮಟ್ಟುವಿನ ಮಣ್ಣು ಮತ್ತು ಇಲ್ಲಿಯ ಮಣ್ಣು ಎರಡರಲ್ಲಿಯೂ, ಹೀಗೆ ನಾಲ್ಕು ಪಾತಿಗಳಲ್ಲಿ ಬೆಳೆಸಿ ಹೋಲಿಸಬೇಕಾಗಿತ್ತು. ನಾನು ಒಂದೇ ಪಾತಿಯನ್ನು ಮಾಡಿ ಸಿದ್ಧಾಂತಕ್ಕೆ ಹೊರಟಿದ್ದೆ. ಮಗುವನ್ನು ಕಂಬಕ್ಕೆ ಒರಗಿಸಿದ ಅಜ್ಜಿಯವರು ಮಾಡಿದ್ದೂ ಇದನ್ನೇ.

ಕಾರಣವನ್ನು ಹುಡುಕುವ ಮೊದಲು ಭೇದ ಎಷ್ಟೆಂದು ಅಳೆಯಬೇಕು. ನಮ್ಮ ಪೂರ್ವಿಕರು ಅಳೆಯದೆ ಇರಲಿಲ್ಲ. ಚರಕನು ವಿಮಾನಸ್ಥಾನದಲ್ಲಿ ಪಾದದಿಂದ ತಲೆಯವರೆಗೆ ಒಂದೊಂದು ಅಂಗದ ಅಳತೆಯನ್ನೂ ಹೇಳಿ, ಇಡೀ ದೇಹದ ಎತ್ತರ 84 ಅಂಗುಲವೆಂದಿದ್ದಾನೆ. ಆದರೆ ಆ ಅಂಗುಲ ಅವರವರ ಬೆರಳಿನದು. ಉದ್ದನೆಯವನ ಬೆರಳು ದೊಡ್ಡದು, ಕುಳ್ಳನ ಬೆರಳು ಚಿಕ್ಕದು. ಇಬ್ಬರೂ 84 ಅಂಗುಲವೇ ಆಗಬಹುದು. ಒಬ್ಬನ ಅಂಗಾಂಗಗಳು ಒಂದಕ್ಕೊಂದು ಹೊಂದಿಕೊಂಡಿವೆಯೇ ಎಂದು ಕಾಣಲು ಇದು ಉತ್ತಮ ಮಾನ; ಒಬ್ಬನಿಗೂ ಇನ್ನೊಬ್ಬನಿಗೂ ಇರುವ ಭೇದವನ್ನು ಕಾಣಲು ಎಲ್ಲರಿಗೂ ಒಂದೇ ಆದ ಕೋಲು ಬೇಕು.

ಕೋಲೊಂದಿದ್ದರೂ ಸಾಲದು. ಸರಾಸರಿಯೊಂದನ್ನೇ ನೆಚ್ಚಿದರೆ ಮೋಸಹೋಗುತ್ತೇವೆ. ಒಂದು ತೆಂಗಿನ ಮರದ ಐದು ಸುಲಿದ ಕಾಯಿಗಳು 460, 480, 500, 520, 540 ಗ್ರಾಮು ತೂಗಿದುವೆಂದೂ, ಇನ್ನೊಂದು ಮರದವು 300, 400, 500, 600, 700 ತೂಗಿದುವೆಂದೂ ಭಾವಿಸಿಕೊಳ್ಳಿ. ಎರಡರ ಸರಾಸರಿಯೂ 500. ಆದರೆ ಮೊದಲನೆಯ ಮರವನ್ನು ಕಣ್ಣುಮುಚ್ಚಿ ನಂಬಬಹುದು, ಎರಡನೆಯದು ಜೂಜು. ಈ ಚದರುವಿಕೆಯನ್ನು ಒಂದು ಅಂಕೆಯಲ್ಲಿ ಹಿಡಿಯಬೇಕಾದರೆ, ಪ್ರತಿಯೊಂದೂ ಸರಾಸರಿಯಿಂದ ಎಷ್ಟು ದೂರವೆಂದು ನೋಡಬೇಕು. ಹೆಚ್ಚು ಕಡಿಮೆಗಳನ್ನು ಹಾಗೆಯೇ ಕೂಡಿಸಿದರೆ ಒಂದನ್ನೊಂದು ನುಂಗಿ ಸೊನ್ನೆಯಾಗುತ್ತದೆ. ಆದ್ದರಿಂದ ಅವುಗಳ ವರ್ಗಗಳನ್ನು ಕೂಡಿಸಿ, ಐದರಿಂದ ಭಾಗಿಸಿ, ವರ್ಗಮೂಲವನ್ನು ತೆಗೆಯುತ್ತಾರೆ. ಮೊದಲನೆಯ ಮರಕ್ಕೆ ಸುಮಾರು 28 ಗ್ರಾಮು, ಎರಡನೆಯದಕ್ಕೆ ಸುಮಾರು 141 ಗ್ರಾಮು. ಇದೇ ಮಾನಕ ವಿಚಲನೆ. (ಶಾಸ್ತ್ರಜ್ಞರು ಇಂತಹ ಕಡೆ ಐದರ ಬದಲು ನಾಲ್ಕರಿಂದ ಭಾಗಿಸುವುದುಂಟು, ಆ ಸೂಕ್ಷ್ಮ ಈಗ ನಮಗೆ ಬೇಡ.) ಗಣಿತವೆಂದರೆ ದೂರ ಸರಿಯುವ ಗೃಹಿಣಿಯರೂ ಒಮ್ಮೆ ತಮ್ಮ ಮನೆಯ ಕಾಯಿಗಳನ್ನು ಹೀಗೆ ತೂಗಿ ನೋಡಬೇಕೆಂದು ನನ್ನ ವಿಜ್ಞಾಪನೆ.

ಈ ವಿದ್ಯೆಯನ್ನು ಬೆಳೆಸಿದವರಲ್ಲಿ ನಮ್ಮ ನಾಡಿನಲ್ಲಿ ಹುಟ್ಟಿದವರೊಬ್ಬರಿದ್ದರೆಂಬುದು ಸಂತೋಷದ ಸಂಗತಿ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಕಲ್ಕತ್ತೆಯಲ್ಲಿ ಮಹಾಲನೋಬಿಸರ ಬಳಿ ಕೆಲಸಮಾಡುತ್ತಿದ್ದಾಗ, ಸೂಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿವೇಚಿಸುವುದಕ್ಕಾಗಿ 1946ರಲ್ಲಿ ಕೇಂಬ್ರಿಜ್ಜಿಗೆ ಹೋದರು. ಎತ್ತರವೊಂದೇ ಅಲ್ಲ, ತಲೆಯ ಉದ್ದ, ಅಗಲ, ಮೂಗು ಮುಂತಾದ ಅನೇಕ ಅಳತೆಗಳನ್ನು ಒಟ್ಟಿಗೆ ಹಿಡಿದು ಎರಡು ಗುಂಪುಗಳಿಗಿರುವ ದೂರವನ್ನು ಲೆಕ್ಕಹಾಕುವ ಮಹಾಲನೋಬಿಸರ ಸೂತ್ರ 1936ರದು. ರಾವ್ ಅವರು 102 ವರ್ಷ ಬಾಳಿ 2023ರಲ್ಲಿ ಕಾಲವಾದರು.

ಎತ್ತರದ ವಿಷಯಕ್ಕೆ ಮರಳೋಣ. ಇಂಗ್ಲೆಂಡಿನ ಗಾಲ್ಟನ್ನನು 205 ದಂಪತಿಗಳನ್ನೂ ಅವರ ಪ್ರಾಯಕ್ಕೆ ಬಂದ 928 ಮಕ್ಕಳನ್ನೂ ಕುರಿತ ಅಳತೆಗಳನ್ನು ಕಲೆಹಾಕಿ 1886ರಲ್ಲಿ ಒಂದು ವಿಚಿತ್ರವನ್ನು ತೋರಿಸಿದನು. ತಂದೆತಾಯಿಗಳು ಸಮಾಜದ ಸರಾಸರಿಗಿಂತ ಮೂರು ಇಂಚು ಕುಳ್ಳಾಗಿದ್ದರೆ, ಅವರ ಮಕ್ಕಳು ಸರಾಸರಿಯಾಗಿ ಎರಡು ಇಂಚು ಮಾತ್ರ ಕುಳ್ಳು. ಉದ್ದನೆಯವರ ಮಕ್ಕಳೂ ಹಾಗೆಯೇ ನಡುವಿನ ಕಡೆಗೆ ಹಿಂದಿರುಗುತ್ತಾರೆ. ಮೆಂಡೆಲನ ಬಟಾಣಿಯಲ್ಲಿ ಗುಂಡು ಬೀಜ, ಸುಕ್ಕು ಬೀಜ ಎಂದು ಎರಡೇ ಬಗೆ: ಅವನು ಎಣಿಸಿದ 7,324ರಲ್ಲಿ 5,474 ಗುಂಡು, 1,850 ಸುಕ್ಕು. ಎತ್ತರದಲ್ಲಿ ಹಾಗಿಲ್ಲ. ಅದು ಅಸಂಖ್ಯಾತ ಸಣ್ಣ ಸಣ್ಣ ಅಂಶಗಳ ಮೊತ್ತವೆಂದು ಫಿಷರನು 1918ರಲ್ಲಿ ಗಣಿತದಿಂದ ತೋರಿಸಿದನು. 2022ರಲ್ಲಿ 54 ಲಕ್ಷ ಜನರ ಪರೀಕ್ಷೆಯಿಂದ ಎತ್ತರಕ್ಕೆ ಸಂಬಂಧಿಸಿದ ಸುಮಾರು 12,000 ಅಂಶಗಳು ದೊರೆತುವು. ಹನ್ನೆರಡು ಸಾವಿರದಲ್ಲಿ ಯಾವುದು ತಾಯಿಯ ಕಡೆಯದು, ಯಾವುದು ತಂದೆಯ ಕಡೆಯದು ಎಂದು ಜಗಲಿಯಲ್ಲಿ ಕುಳಿತು ಹೇಳುವ ದಿವ್ಯದೃಷ್ಟಿ ಯಾರಿಗಿದೆ?

ಹಾಗಾದರೆ ಬೀಜದ ಪಾಲು ಎಷ್ಟು, ಪೋಷಣೆಯ ಪಾಲು ಎಷ್ಟು? ಒಂದೇ ಮಗುವನ್ನು ಹಿಡಿದು ಹೀಗೆ ಕೇಳುವುದು, ಚಂಡೆಯ ನಾದದಲ್ಲಿ ಚರ್ಮದ ಪಾಲೆಷ್ಟು ಕೋಲಿನ ಪಾಲೆಷ್ಟು ಎಂದು ಕೇಳಿದಂತೆ. ಎರಡೂ ಇಲ್ಲದೆ ನಾದವೇ ಇಲ್ಲ. ಆದರೆ ಒಬ್ಬನೇ ಭಾಗವತನ ಮೇಳದಲ್ಲಿ ಒಬ್ಬನೇ ವಾದಕನು ಇಪ್ಪತ್ತು ಚಂಡೆಗಳನ್ನು ಬಾರಿಸಿದರೆ, ಕೇಳಿಬರುವ ಭೇದಗಳೆಲ್ಲ ಚಂಡೆಗಳವು. ಒಂದೇ ಚಂಡೆಯನ್ನು ಇಪ್ಪತ್ತು ಮಂದಿ ಬಾರಿಸಿದರೆ, ಭೇದಗಳೆಲ್ಲ ಕೈಗಳವು. ಜನಸಮುದಾಯದಲ್ಲಿಯೂ ಹೀಗೆಯೇ. ಎಲ್ಲ ಮಕ್ಕಳಿಗೂ ಅನ್ನ, ಹಾಲು, ಶುದ್ಧೋದಕ ಸಮನಾಗಿ ದೊರೆತಲ್ಲಿ ಉಳಿಯುವ ಭೇದ ಹೆಚ್ಚಾಗಿ ಬೀಜದ್ದು; ಕೆಲವರಿಗೆ ದೊರೆತು ಕೆಲವರಿಗೆ ದೊರೆಯದಲ್ಲಿ ಭೇದದ ದೊಡ್ಡ ಪಾಲು ಕ್ಷೇತ್ರದ್ದು.

ಇದಕ್ಕೆ ನಿದರ್ಶನವಿದೆ. ವಿಶ್ವ ಆರೋಗ್ಯ ಸಂಸ್ಥೆಯವರು 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳಲ್ಲಿ, ತಾಯಿಹಾಲೂ ಒಳ್ಳೆಯ ಆರೈಕೆಯೂ ದೊರೆತ ಸುಮಾರು 8,500 ಮಕ್ಕಳನ್ನು ಅಳೆಯಿಸಿದರು. ಎಳೆಯ ಕೂಸುಗಳ ಉದ್ದದಲ್ಲಿ ಕಂಡ ಒಟ್ಟು ಭೇದದಲ್ಲಿ ದೇಶದೇಶಗಳ ನಡುವಿನದು ನೂರಕ್ಕೆ 3 ಮಾತ್ರ. ಒಂದೊಂದು ದೇಶದೊಳಗಿನ ಮಗುಮಗುವಿನ ನಡುವಣ ಭೇದ ನೂರಕ್ಕೆ 70. ನಾರ್ವೆಯ ಕೂಸಿಗೂ ದೆಹಲಿಯ ಕೂಸಿಗೂ ಹೊಟ್ಟೆ ತುಂಬಿದರೆ ಬೆಳವಣಿಗೆಯ ದಾರಿ ಬಹುಮಟ್ಟಿಗೆ ಒಂದೇ ಎಂದಾಯಿತು. ಇದರಿಂದ 2006ರಲ್ಲಿ ಒಂದು ಪಟ್ಟಿಯನ್ನು ಮಾಡಿದರು. ಅದರಂತೆ ಮೂರು ವರ್ಷದ ಹೆಣ್ಣುಮಗುವಿನ ನಡುವಣ ಎತ್ತರ 95.1 ಸೆಂಟಿಮೀಟರು. ಅದಕ್ಕಿಂತ ಎರಡು ಮಾನಕ ವಿಚಲನೆ ಕೆಳಗೆ 87.4, ಎರಡು ಮೇಲೆ 102.7. ಚೆನ್ನಾಗಿ ಪೋಷಿತರಾದ ಮಕ್ಕಳಲ್ಲಿ ಕೆಳಗಿನ ಗೆರೆಗಿಂತಲೂ ಕುಳ್ಳಾದವರು ನೂರಕ್ಕೆ ಎರಡು ಮೂರು ಮಂದಿ ಇರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಅಂಥವರು ನೂರಕ್ಕೆ 35.4. ಈ ಅಂಕೆಯನ್ನು ನಾನು ಎರಡು ಸಲ ಓದಿದೆನು. ಇದನ್ನು ಸೊಸೆಯಂದಿರ ತವರುಮನೆಯ ಬೀಜಕ್ಕೆ ಕಟ್ಟುವ ಬಗೆ ಹೇಗೆ?

ಎಂಟನೆಯ ದಿನ ಅಂಗನವಾಡಿಯ ಕಾರ್ಯಕರ್ತೆಯನ್ನು ಕರೆಸಿಕೊಂಡು, ಸರಿಯಾದ ಅಳತೆಗೋಲಿನಿಂದ, ಜಡೆ ಬಿಚ್ಚಿಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ಇಬ್ಬರನ್ನೂ ಅಳೆಯಿಸಿದೆನು. (ಬೆಳಗಿನ ಎತ್ತರ ಸಂಜೆಗಿಂತ ತುಸು ಹೆಚ್ಚು, ಎರಡು ವರ್ಷದೊಳಗಿನ ಕೂಸನ್ನು ಮಲಗಿಸಿ ಅಳೆಯಬೇಕು. ಮನೆಯ ಬಾಗಿಲ ಚೌಕಟ್ಟಿನ ಗೀಟುಗಳನ್ನು ನಂಬಿ ಜಗಳವಾಡುವವರು ಇದನ್ನು ತಿಳಿದಿರಬೇಕು.) ಉಪ್ಪುಂದದವಳು 95, ಅಜ್ಜಿಯವರು ಉದ್ದವೆಂದು ಮೆಚ್ಚಿದ ಆ ಮಗು ನಡುವಣ ಎತ್ತರದ್ದೇ ಹೊರತು ಉದ್ದವಲ್ಲ. ಇನ್ನೊಬ್ಬಳು 88, ಕೆಳಗಿನ ಗೆರೆಯ ಮೇಲೆ ಹೇಗೋ ನಿಂತಿದ್ದಾಳೆ.

ಆದರೆ ಒಂದು ಅಳತೆ ಮಗು ಎಲ್ಲಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಎಲ್ಲಿಂದ ಬಂತೆಂಬುದನ್ನು ಹೇಳುವುದಿಲ್ಲ. ತಾಯಿ ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತಾಯಿ ಕಾರ್ಡನ್ನು ತಂದಳು. ಎರಡು ವರ್ಷಕ್ಕೆ 83, ಎರಡೂವರೆಗೆ 87, ಈಗ 88. ಮೊದಲ ಆರು ತಿಂಗಳಲ್ಲಿ ನಾಲ್ಕು ಸೆಂಟಿಮೀಟರು. ಆಮೇಲಿನ ಆರು ತಿಂಗಳಲ್ಲಿ ಒಂದೇ ಒಂದು. ಬೀಜದಿಂದಲೇ ಕುಳ್ಳಾದ ಮಗು ಸಾಧಾರಣವಾಗಿ ಕೆಳಗಿನ ದಾರಿಯಲ್ಲಿಯೇ ಆದರೂ ತನ್ನ ದಾರಿಯನ್ನು ಹಿಡಿದು ನಡೆಯುತ್ತದೆ. ಈ ಮಗು ವೈಶಾಖದವರೆಗೆ ನಡೆದು, ಆಮೇಲೆ ನಿಂತುಬಿಟ್ಟಿದೆ. ವೈಶಾಖದಿಂದ ಕಾರ್ತಿಕದವರೆಗೆ ನಡುವೆ ಏನಿದೆ? ನಮ್ಮ ಕರಾವಳಿಯ ಮಳೆಗಾಲವಿದೆ.

“ಮಳೆಗಾಲದಲ್ಲಿ ಕೂಸಿಗೆ ಏನಾಯಿತಮ್ಮ?” ಎಂದೆನು. ಮೂರು ನಾಲ್ಕು ಸಲ ಭೇದಿಯಾಯಿತೆಂದೂ, ಪ್ರತಿ ಸಲವೂ ಹತ್ತು ಹನ್ನೆರಡು ದಿನ ಅನ್ನ ಸೇರಲಿಲ್ಲವೆಂದೂ ಅವಳು ಮೆಲ್ಲಗೆ ಹೇಳಿದಳು. ಅವರ ಮನೆ ಬೈಲಿನ ಅಂಚಿನಲ್ಲಿದೆ. ಬಾವಿಗೆ ಕಟ್ಟೆಯಿಲ್ಲ, ಆಟಿಯ ಮಳೆಗೆ ಗದ್ದೆಯ ನೀರೂ ಕೊಟ್ಟಿಗೆಯ ನೀರೂ ಅದರೊಳಗೆ ಇಳಿಯುವುದನ್ನು ನಾನೇ ಎಷ್ಟೋ ವರ್ಷ ಕಂಡಿದ್ದೇನೆ, ಕಂಡೂ ಸುಮ್ಮನಿದ್ದೇನೆ. ಉಪ್ಪುಂದದ ಮನೆಯಲ್ಲಿ ಕೊಳವೆಬಾವಿ. ಒಂದೇ ಮಗುವಿನ ವಿಷಯದಲ್ಲಿ ಇದೇ ಕಾರಣವೆಂದು ಆಣೆಯಿಟ್ಟು ಹೇಳಲಾರೆನು. ನಾಲ್ಕು ಪಾತಿಗಳ ಪರೀಕ್ಷೆ ಇಲ್ಲಿಯೂ ಆಗಿಲ್ಲ. ಆದರೆ ಸುಶ್ರುತನ ನಾಲ್ಕರಲ್ಲಿ ಮೊದಲು ಸಂಶಯಪಡಬೇಕಾದದ್ದು ಬೀಜವಲ್ಲ, ಋತು ಮತ್ತು ಅಂಬು ಎಂಬುದು ಸ್ಪಷ್ಟವಾಗಿತ್ತು.

ನಾನು ಅಷ್ಟನ್ನು ಬಾಯಿಬಿಟ್ಟು ಹೇಳಲಿಲ್ಲ. ಕಾರ್ಡಿನ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದೆನು. ಅಜ್ಜಿಯವರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, “ಆ ಬಾವಿ ನಮ್ಮ ಯಜಮಾನ್ರ್ ತೋಡ್ಸದ್” ಎಂದರು. ಬೇರೇನನ್ನೂ ಹೇಳಲಿಲ್ಲ, ಏಳುವಾಗ ಸೊಸೆಯ ತೋಳನ್ನು ಹಿಡಿದುಕೊಂಡು ಎದ್ದರು.

ಮರುದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮಗುವನ್ನು ತೋರಿಸಿದರು. ನೀರನ್ನು ಕುದಿಸಿ ಆರಿಸಿ ಕೊಡುತ್ತಿದ್ದಾರೆ. ಕಟ್ಟೆಗೆಂದು ತರಿಸಿದ ಕೆಂಪುಕಲ್ಲು ಅಂಗಳದಲ್ಲಿ ಬಂದು ಬಿದ್ದಿದೆ. ಮೇಸ್ತ್ರಿ ಮಾತ್ರ ಇನ್ನೂ ಬಂದಿಲ್ಲ. ಮಗುವನ್ನು ವೈಶಾಖದಲ್ಲಿ ಮತ್ತೆ ಅಳೆಯುವುದೆಂದು ಮಾತಾಗಿದೆ.